ಆನೆ ಅಂಬಾರಿ ಬುಟ್ರೆ ಮೈಸೂರಲ್ಲಿ ಮನುಷ್ಯರೇ ಇರ್ನಿಲ್ವ?

ದಸರಾ ಹತ್ರ ಬಂತು ಅಂದ್ರೆ ನಮ್ಮೂರ ಗೋಡೆಗಳಿಗೆ ಯೋಗ ಬತ್ತದೆ. ವರ್ಷವೆಲ್ಲ ಪಾಚಿ ಕಟ್ಕೊಂಡು, ಸಿನಿಮಾ ಪೋಸ್ಟರು, ಮೂಲವ್ಯಾಧಿ ಡಾಕ್ಟ್ರ ಜಾಹೀರಾತು ಹೊತ್ಕೊಂಡು ನಿಂತಿದ್ದ ಕಾಂಪೌಂಡುಗಳಿಗೆ ಸುಣ್ಣ ಬೀಳ್ತದೆ, ಸುಣ್ಣದ ಮ್ಯಾಲೆ ಚಿತ್ರ ಏಳ್ತವೆ. ಏನು ಚಿತ್ರ ಅಂತೀರಿ? ಆನೆ. ಆನೆ ಮ್ಯಾಲೆ ಅಂಬಾರಿ. ಅರಮನೆ. ಬೆಟ್ಟದ ನಂದಿ. ಕತ್ತಿ ಹಿಡ್ದ ಮಹಿಷಾಸುರ. ಒಂದು ಹುಲಿ, ಒಂದು ನವಿಲು. ಜಾಗ ಉಳುದ್ರೆ ಕೊನೇಲಿ ಕಸವ ಬುಟ್ಟಿಗೆ ಹಾಕ್ತಾ ಇರೋ ಒಂದು ಕೂಸು. ಇದ್ಕೆ ‘ಗೋಡೆ ಮೇಲೆ ನಗರದ ಇತಿಹಾಸ’ ಅಂತ ಹೆಸ್ರು ಬೇರೆ. ಇತಿಹಾಸ ಅಲ್ಲ ಕನ್ರವ್ವ ಇದು, ಕ್ಯಾಲೆಂಡರು. ಕಿರಾಣಿ ಅಂಗ್ಡಿಯೋನು ಯುಗಾದಿಗೆ ಕೊಡೋ ಕ್ಯಾಲೆಂಡರಲ್ಲಿ ಕೆಳಗಡೆ ತಾರೀಕಾದ್ರೂ ಇರ್ತದೆ. ಇದ್ರಲ್ಲಿ ಅದೂ ಇಲ್ಲ.

ಚಿತ್ರ ಬರೀಬ್ಯಾಡಿ ಅಂತ ಹೇಳ್ತಿಲ್ಲ ನಾನು. ಬರೀರಿ, ಇನ್ನೂ ಬರೀರಿ. ನಮ್ಮೂರ ಹುಡುಗ್ರೇ ಬರೀಲಿ, ಊರಿನ ಕತೇನೇ ಬರೀಲಿ. ನನ್ನ ತಕರಾರು ಇರೋದು, ಯಾರ ಊರು, ಯಾರ ಕತೆ ಅನ್ನೋದನ್ನ ಯಾರೋ ಆಫೀಸಲ್ಲಿ ಕೂತು ಪಟ್ಟಿ ಮಾಡಿ ಕೊಡ್ತಾರಲ್ಲ, ಅದ್ರ ಮ್ಯಾಲೆ.

ಕೆಲವರು ಅಂತಾರೆ, ಗೋಡೆಗೆ ಚಿತ್ರ ಬರ್ಸೋದು ಜನ ಅಲ್ಲಿ ಉಚ್ಚೆ ಹುಯ್ಬಾರ್ದು ಅಂತ, ನೀನ್ಯಾಕೆ ಅದ್ರಲ್ಲಿ ಇತಿಹಾಸ ಹುಡುಕ್ತೀಯಾ ಅಂತ. ಸರಿ ಬುಡಿ. ಮೊದ್ಲು ದೇವ್ರ ಟೈಲ್ಸು ಅಂಟಿಸ್ತಿದ್ರು, ಈಗ ಅಂಬಾರಿ ಬರಿಸ್ತಾರೆ. ಚಾಮುಂಡವ್ವನ್ನ, ಮಹಾರಾಜ್ರನ್ನ ಎಲ್ಲ ಕಾವಲು ಕೆಲ್ಸಕ್ಕೆ ಹಾಕವ್ರೆ. ಗಂಡಸ್ರಿಗೆ ನಾಕು ಶೌಚಾಲಯ ಕಟ್ಸುದ್ರೆ ಮುಗ್ದೋಯ್ತಿತ್ತು. ಹೆಂಗಸ್ರಿಗೆ ಎಲ್ಲಿ ಅದೆ ಅಂತ ಕೇಳ್ಲೇಬ್ಯಾಡಿ, ಆ ವಿಷ್ಯ ಎತ್ತುದ್ರೆ ಇವತ್ತಿನ ಬರವಣಿಗೆ ದಾರಿ ತಪ್ತದೆ.

ಗೋಡೆ ಮ್ಯಾಲೆ ಊರ ಕತೆ ಹೇಳೋದು ನಮಗೇನು ಹೊಸದಲ್ಲ. ಅರಮನೆ ಒಳಗೆ ಕಲ್ಯಾಣ ಮಂಟಪ ಅದ್ಯಲ್ಲ, ಗಾಜಿನ ನವಿಲಿರೋ ಸೂರು, ಅದ್ನೇ ನೋಡ್ಕೊಂಡು ಕತ್ತು ನೋಯಿಸ್ಕೊಂಡು ಬರ್ತಾರೆ ಜನ. ಕತ್ತು ಒಂಚೂರು ಇಳ್ಸಿ ಸುತ್ಲೂ ಗೋಡೆ ನೋಡಿ. ಒಟ್ಟು 26 ಚಿತ್ರ ಅವೆ. ಎಲ್ಲಾನೂ ಸೇರುದ್ರೆ ಒಂದೇ ಮೆರವಣಿಗೆ, ಹಳೇ ಕಾಲದ ಜಂಬೂಸವಾರಿ. ಇಲ್ಲಿಯ ಕಲಾವಿದ್ರೇ ಬರ್ದಿರೋದು. ಅವ್ರು ಸುಮ್ನೆ ಮನಸ್ಸಿಗೆ ಬಂದಂಗೆ ಬರೀನಿಲ್ಲ. ನಿಜವಾಗ್ಲೂ ನಡ್ದಿದ್ದ ಮೆರವಣಿಗೆಯ ಫೋಟೋಗಳನ್ನ ಮುಂದಿಟ್ಕೊಂಡು ಬರೆದ್ರು. ಆನೆ, ಕುದ್ರೆ, ಬ್ಯಾಂಡಿನೋರು, ಸಿಪಾಯಿಗಳು, ದಾರಿ ಬದೀಲಿ ನಿಂತ ಜನ. ಮುಖ ನೋಡುದ್ರೆ ಇವ್ನು ಯಾರದೋ ಮನೆ ತಾತ ಇದ್ದಂಗವ್ನೆ ಅನ್ನಿಸ್ತದೆ. ಒಬ್ಬನ ಮುಖ ಇದ್ದಂಗೆ ಇನ್ನೊಬ್ಬಂದಿಲ್ಲ. ರಾಜ್ರ ಮನೇಲಿ, ರಾಜ್ರ ದುಡ್ಡಲ್ಲಿ, ರಾಜ್ರ ಮೆರವಣಿಗೇನೇ ಬರೀಬೇಕಾದ್ರೂ ಆ ಕಲಾವಿದ್ರು ಜನರನ್ನ ಕಣ್ಣಿಟ್ಟು ನೋಡುದ್ರು. ಈಗ ಜನರ ತೆರಿಗೆ ದುಡ್ಡಲ್ಲಿ ಬರ್ಸೋ ಗೋಡೇಲಿ ಜನರೇ ಇಲ್ಲ. ಇದ್ಯಾವ ಲೆಕ್ಕ?

ಶ್ರೀರಂಗಪಟ್ಟಣ ಇಲ್ಲೇ ಅದೆ, ಬಸ್ಸಲ್ಲಿ ಅರ್ಧ ಗಂಟೆ ದಾರಿ. ಅಲ್ಲಿ ದರಿಯಾ ದೌಲತ್, 1784ರಲ್ಲಿ ಟಿಪ್ಪು ಕಟ್ಸಿದ್ದು. ಗೋಡೆ ತುಂಬ 1780ರ ಪೊಳ್ಳಿಲೂರು ಕಾಳಗ. ಇಂಗ್ಲಿಷರ ದಂಡು ಸೋತು ಸುಣ್ಣ ಆಗದೆ, ಮದ್ದಿನ ಬಂಡಿ ಸಿಡೀತಾ ಅದೆ, ಮಧ್ಯದಲ್ಲಿ ಕರ್ನಲ್ ಬೈಲಿ ಪಲ್ಲಕ್ಕೀಲಿ ಕೂತವ್ನೆ. ಗೆದ್ದೋನು ಬರೆಸಿದ್ದು, ಒಪ್ಕೋತೀನಿ, ಜಂಬ ಅದೆ ಅದ್ರಲ್ಲಿ. ಆದ್ರೂ ಏನೋ ಒಂದು ನಡೀತಾ ಅದೆ ಆ ಗೋಡೇಲಿ. ಯಾರೋ ಸಾಯ್ತಾವ್ರೆ, ಯಾರೋ ಹೆದ್ರವ್ರೆ, ಯಾರ್ಗೋ ಉಸಿರು ಕಟ್ಟದೆ. ನಮ್ಮ ಕಾಂಪೌಂಡ್ ಗೋಡೇಲಿ ಏನು ನಡೀತಾ ಅದೆ ಹೇಳಿ? ಆನೆ ನಿಂತದೆ, ಅಷ್ಟೇಯ.

ಆ ದರಿಯಾ ದೌಲತ್ ಚಿತ್ರದ ಕತೆ ಇನ್ನೂ ಅದೆ. ಮುತ್ತಿಗೆಗೆ ಮೊದ್ಲು ಅದನ್ನ ಕೆಡಿಸಿದ್ರಂತೆ. ಆಮ್ಯಾಲೆ ಅಲ್ಲಿದ್ದ ಕರ್ನಲ್ ವೆಲ್ಲೆಸ್ಲಿ ಸರಿ ಮಾಡಿಸ್ದ. ಮತ್ಯಾರೋ ಪುಣ್ಯಾತ್ಮ್ರು ಅದ್ರ ಮ್ಯಾಲೆ ಸುಣ್ಣ ಬಳ್ದು ಬುಟ್ರು. ಗವರ್ನರ್ ಜನರಲ್ ಡಾಲ್‌ಹೌಸಿ ಈ ಕಡೆ ಬಂದಾಗ, ಹಳೇ ಚಿತ್ರ ಹೆಂಗಿತ್ತು ಅಂತ ನೆನಪಿದ್ದ ಒಬ್ಬ ಇಲ್ಲಿಯ ಚಿತ್ರಗಾರನ ಕೈಲಿ ಮತ್ತೆ ಬರೆಸ್ದ. ಯೋಚ್ನೆ ಮಾಡಿ ನೋಡಿ. ಒಂದು ರಾಜ್ಯದ ಕತೆ ಒಬ್ಬನ ತಲೇಲಿ ಉಳ್ಕೊಂಡಿತ್ತು. ಅವನು ಅಷ್ಟೊತ್ಗೆ ಸತ್ತಿದ್ರೆ ಮುಗ್ದೋಯ್ತಿತ್ತು. ಡಾಲ್‌ಹೌಸಿ ಹೆಸ್ರು ಎಲ್ಲಾ ಪುಸ್ತಕದಲ್ಲೂ ಅದೆ. ಆ ನೆನಪಿಟ್ಟೋನ ಹೆಸ್ರು ನಾನು ಓದಿದ ಕಡೆ ಎಲ್ಲೂ ಇಲ್ಲ.

ಇದ್ಕೇ ನಾನು ಊರಿನ ಕಲಾವಿದ್ರೇ ಬೇಕು ಅನ್ನೋದು. ಹೊರಗಿನೋರಿಗೆ ಬರೆಯಕ್ಕೆ ಬರಕ್ಕಿಲ್ಲ ಅಂತಲ್ಲ. ಅವ್ರಿಗೆ ನೆನಪಿರಕ್ಕಿಲ್ಲ, ಅದ್ಕೆ. ಆದ್ರೆ ಊರಿನೋರನ್ನೇ ಕರ್ದು ಅವ್ರ ಕೈಗೆ ಪಟ್ಟಿ ಕೊಟ್ಟು, ‘ಇದ್ನೇ ಬರಿ’ ಅಂದ್ರೆ ಅವ್ರ ನೆನಪಿಗೆ ಕೆಲ್ಸ ಎಲ್ಲಿ ಉಳೀತು? ಕೈ ಮಾತ್ರ ಊರಿಂದು, ತಲೆ ಆಫೀಸಿಂದು.

ನಮ್ಮ ಬೀದಿ ಕೊನೇಲಿ ಒಂದು ದೊಡ್ಡ ಸಂಸ್ಥೆಯ ಗೋಡೆ ಅದೆ. ಹೆಸ್ರು ಬ್ಯಾಡ. ಹೋದ ಸಲ ಅಲ್ಲಿ ನಾಕು ಜನ ಹುಡುಗ್ರು ಬರೀತಿದ್ರು. ಚಿತ್ರಕಲೆ ಓದ್ತಾ ಇರೋ ಮಕ್ಳು, ಬಿಸ್ಲಲ್ಲಿ ತಲೆಗೆ ಟವಲ್ ಸುತ್ಕೊಂಡು. ಒಬ್ಬ ನೀರು ಕೇಳ್ಕೊಂಡು ಬಂದ, ಮಜ್ಜಿಗೆ ಕೊಟ್ಟೆ. ಕುಡೀತಾ ಇರ್ಬೇಕಾದ್ರೆ ನಮ್ಮತ್ತೆ ಜಗ್ಲಿ ಮ್ಯಾಲಿಂದ ಕೇಳುದ್ರು, ‘ಏನಪ್ಪ ಮಗ, ಊದುಬತ್ತಿ ಹೊಸೆಯೋರ್ನ ಬರ್ದಿದ್ದೀರಾ?’ ಅಂತ. ಹುಡುಗ ನಕ್ಕ. ‘ಇಲ್ಲ ಅಜ್ಜಿ, ಅದು ಲಿಸ್ಟಲ್ಲಿ ಇಲ್ಲ’ ಅಂದ. ಅವನ ಮ್ಯಾಲೆ ನಂಗೆ ಸಿಟ್ಟಿಲ್ಲ. ಚದರಡಿ ಲೆಕ್ಕದಲ್ಲಿ ದುಡ್ಡು ಅಂತೆ ಅವ್ರಿಗೆ, ಬಣ್ಣದ ಖರ್ಚೂ ಅದ್ರಲ್ಲೇ ಅಂತೆ. ಅಂಥಾದ್ರಲ್ಲಿ ಆಕಾಶ ದೊಡ್ಡದಾಗಿ ಬರ್ದು, ಆನೆ ದೊಡ್ಡದಾಗಿ ಬರ್ದು ಬ್ಯಾಗ ಮುಗಿಸ್ದೆ ಇನ್ನೇನು ಮಾಡ್ತಾನೆ? ನೂರು ಜನರ ಮುಖ ಬರೀತಾ ಕೂತ್ರೆ ಅವನ ಬಸ್ ಚಾರ್ಜೂ ಹುಟ್ಟಕ್ಕಿಲ್ಲ.

ನಮ್ಮತ್ತೆ ಮೂವತ್ತು ವರ್ಷ ಊದುಬತ್ತಿ ಹೊಸೆದ್ರು. ಮನೇಲೇ, ಅಡುಗೆ ಮನೆ ಬಾಗ್ಲಲ್ಲಿ ಮಣೆ ಇಟ್ಕೊಂಡು. ಇದ್ದಿಲು ಪುಡಿ, ಜಿಗಟು ಪುಡಿ ಕಲ್ಸಿ ಮುದ್ದೆ ಮಾಡ್ಕೊಂಡು, ಬಿದಿರು ಕಡ್ಡಿಗೆ ಅಂಗೈಯಲ್ಲಿ ಉಜ್ಜೋದು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಅಂಗೈ ಗೆರೆಯೆಲ್ಲ ಕಪ್ಪು. ಮದುವೆ ಮನೆಗೆ ಹೋಗೋ ಹಿಂದಿನ ದಿನ ನಿಂಬೆಹಣ್ಣು ಹಾಕಿ ತಿಕ್ಕೋರು, ಹೋಯ್ತಿರ್ನಿಲ್ಲ. ಆ ಕಡ್ಡಿಗೆ ಗಂಧ ಹಾಕಿ, ಡಬ್ಬಿಗೆ ತುಂಬಿ ಮೈಸೂರು ಅಂತ ಹೆಸ್ರು ಬರ್ದು ಪರದೇಶಕ್ಕೆ ಕಳಿಸ್ತಾರೆ. ಮೈಸೂರು ಅಗರಬತ್ತಿಗೆ ಈಗ ಭೌಗೋಳಿಕ ಗುರುತಿನ ಪಟ್ಟಿಯಲ್ಲೂ ಜಾಗ ಅದೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ ಥರ. ಊರಿನ ಹೆಸ್ರು ಹೊತ್ಕೊಂಡು ಲೋಕ ಸುತ್ತಿದ ಪದಾರ್ಥ, ಅದನ್ನ ಮಾಡ್ದ ಕೈ ಮಾತ್ರ ಊರಿನ ಒಂದು ಗೋಡೇಲೂ ಇಲ್ಲ. ಹಿಂಗೆ ಮನೆ ಮನೇಲೂ ಹೊಸ್ದ ಹೆಂಗಸ್ರು ಎಷ್ಟು ಜನ ಇದ್ರು ಈ ಊರಲ್ಲಿ! ಮಂಡಿ ಮೊಹಲ್ಲದ ಬೀಬಿಯರು, ನಮ್ಮ ಕಡೆ ಅಮ್ಮಂದ್ರು, ಎಲ್ರ ಅಂಗೈನೂ ಒಂದೇ ಬಣ್ಣ.

ಇನ್ನೊಂದು ಹೇಳ್ತೀನಿ, ನಗ್ಬ್ಯಾಡಿ. ಈ ಊರಲ್ಲಿ ಬಣ್ಣದ ಕಾರ್ಖಾನೆನೇ ಅದೆ. 1937ರಲ್ಲಿ ನಾಲ್ವಡಿಯೋರ ಕಾಲದಲ್ಲಿ ಅರಗಿನ ಕೆಲ್ಸಕ್ಕೆ ಅಂತ ಶುರುವಾದದ್ದು, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ಈಚೆಗೆ ದೇಶದಲ್ಲಿ ಓಟು ಹಾಕ್ದೋರ ಬೆರಳಿಗೆಲ್ಲ ಅಳಿಸದ ಶಾಯಿ ಹೋಯ್ತಾ ಇರೋದು ಇಲ್ಲಿಂದ್ಲೇ. ಪ್ರಧಾನಿ ಬೆರಳಿಗೂ ನಮ್ಮೂರ ಶಾಯಿ, ಕೂಲಿಯೋನ ಬೆರಳಿಗೂ ನಮ್ಮೂರ ಶಾಯಿ. ಇದ್ಕಿಂತ ಚೆಂದದ ಚಿತ್ರ ಬೇಕಾ? ಒಂದು ಉದ್ದ ಗೋಡೆ ತುಂಬ ಬರೀ ಬೆರಳು ಬರೀರಿ, ಥರಾವರಿ ಬೆರಳು, ಉಗುರಿನ ಬುಡದಲ್ಲಿ ಒಂದೊಂದು ಗೆರೆ. ಯಾರ್ಗೂ ಹೊಳೀನಿಲ್ವಲ್ಲ.

ಒಂಟಿಕೊಪ್ಪಲಲ್ಲಿ ಗೋಪಾಲಸ್ವಾಮಿ ಮೇಷ್ಟ್ರು 1935ರಲ್ಲಿ ತಮ್ಮ ಮನೇಲೇ ರೇಡಿಯೋ ನಿಲ್ದಾಣ ಮಾಡುದ್ರು. ‘ಆಕಾಶವಾಣಿ’ ಅನ್ನೋ ಹೆಸ್ರು ಅಲ್ಲಿಂದ ಬಂತು, ಆಮ್ಯಾಲೆ ಇಡೀ ದೇಶದ ರೇಡಿಯೋಗೇ ಅದೇ ಹೆಸ್ರಾಯ್ತು. ಮನೆ ಕೋಣೆ ಒಂದ್ರಿಂದ ಹೊರಟ ಮಾತು! ಅದ್ನ ಬರೀಬಹುದು. ಜಾವಾ ಬೈಕ್ ಕಾರ್ಖಾನೆಯಿಂದ ಸಾಯಂಕಾಲ ಪಾಳಿ ಮುಗ್ಸಿ ಸೈಕಲ್ಲಲ್ಲಿ ಬರ್ತಿದ್ದ ಕಾರ್ಮಿಕರನ್ನ ಬರೀಬಹುದು, 1996ರಲ್ಲಿ ಬಾಗ್ಲು ಹಾಕ್ದಾಗ ಅವ್ರ ಮನೇಲಿ ಒಲೆ ಹೆಂಗಿತ್ತು ಅಂತಲೂ ಬರೀಬಹುದು. ಇವೆಲ್ಲ ಪಟ್ಟಿಗೆ ಬರಕ್ಕಿಲ್ಲ. ಯಾಕಂದ್ರೆ ಇವುಕ್ಕೆ ಟಿಕೆಟ್ ಇಲ್ಲ.

ಪ್ಲೇಗಿನ ಮಾತಿಗೆ ಬರ್ತೀನಿ. ಹತ್ತೊಂಬತ್ತನೇ ಶತಮಾನದ ಕೊನೇಲಿ ಪ್ಲೇಗು ಬಂದು ಈ ಊರನ್ನ ಅಲ್ಲಾಡಿಸ್ತು. ಮನೇಲಿ ಇಲಿ ಬಿತ್ತು ಅಂದ್ರೆ ಪಾತ್ರೆ ಪಡಗ ಕಟ್ಕೊಂಡು ಊರಾಚೆ ಗುಡ್ಲು ಹಾಕ್ಕೊಂಡು ಇರ್ತಿದ್ರಂತೆ. ಗಾಳಿ ಬೆಳಕಿಲ್ದ ಕೇರಿಗಳನ್ನ ಬಿಡಿಸಿ, ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆ ಮಾಡಕ್ಕೆ ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡುದ್ರು. ದೇಶದಲ್ಲೇ ಮೊದಮೊದ್ಲಿಂದು ಅದು. ಇವತ್ತು ನಾವು ‘ಯೋಜಿತ ನಗರ’ ಅಂತ ಎದೆ ಉಬ್ಸಿ ಹೇಳ್ಕೋತೀವಲ್ಲ, ಅದ್ರ ಬೇರು ಆ ಸಾವಿನಲ್ಲಿ ಅದೆ. ಮನೆ ಹಿಂದ್ಗಡೆ ಕನ್ಸರ್ವೆನ್ಸಿ ಗಲ್ಲಿ ಅವೆ ನೋಡಿ ಹಳೇ ಬಡಾವಣೆಗಳಲ್ಲಿ, ಮುಂದ್ಗಡೆ ಬೀದೀಲಿ ಕಾಣ್ದಂಗೆ ಬಂದು ಕೊಳೆ ಎತ್ಕೊಂಡು ಹೋಗಕ್ಕೆ ಮಾಡಿದ ದಾರಿ. ಯಾರು ಎತ್ತುದ್ರು? ಅವ್ರ ಮೊಮ್ಮಕ್ಳೇ ಇವತ್ತೂ ಬೆಳಿಗ್ಗೆ ಐದು ಗಂಟೆಗೆ ಪೊರಕೆ ಹಿಡ್ಕೊಂಡು ಬರೋದು. 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅಂತ ಮೈಸೂರಿಗೆ ಮೊದ್ಲ ಸ್ಥಾನ ಬಂತಲ್ಲ, ಸನ್ಮಾನದ ಹಾರ ಯಾರ್ಯಾರ ಕೊರಳಿಗೆ ಬಿತ್ತು? ಗೋಡೇಲಿ ಕಸ ಹಾಕೋ ಕೂಸು ಅದೆ, ಕಸ ಎತ್ತೋ ತಾಯಿ ಇಲ್ಲ.

ಅಂಬಾರೀನೇ ಬರೀತೀರಾ? ಬರೀರಿ, ಪೂರ್ತಿ ಬರೀರಿ. 750 ಕಿಲೋ ಹೊರೋ ಆನೆ ಕಾಡಿಂದ ಒಂದೇ ಬರಕ್ಕಿಲ್ಲ. ಮಾವುತ್ರು, ಕಾವಾಡಿಗರು ಹೆಂಡ್ತಿ ಮಕ್ಳ ಸಮೇತ ಬಂದು ಅರಮನೆ ಅಂಗಳದಲ್ಲಿ ವಾರಗಟ್ಲೆ ಇರ್ತಾರೆ. ಅಲ್ಲೇ ಅಡುಗೆ, ಅಲ್ಲೇ ಬಟ್ಟೆ ಒಗೆಯೋದು, ಮಕ್ಳಿಗೆ ಅಲ್ಲೇ ಟೆಂಟ್ ಶಾಲೆ. ಇಡೀ ಲೋಕ ಆನೆ ಫೋಟೋ ಹೊಡ್ಕೋತಾ ಇರ್ಬೇಕಾದ್ರೆ ಹಿಂದ್ಗಡೆ ಒಬ್ಬಳು ಕೂಸಿಗೆ ಎಣ್ಣೆ ಹಚ್ತಾ ಇರ್ತಾಳೆ. ಗೋಡೇಲಿ ಆನೆ ಬರ್ದವ್ರು ಅದ್ರ ಕತ್ತಿನ ಮ್ಯಾಲೆ ಕೂತ ಮಾವುತಂಗೆ ಮುಖ ಬರೀನಿಲ್ಲ, ಒಂದು ಚುಕ್ಕೆ ಇಟ್ಟು ಬುಟ್ಟವ್ರೆ. ಹತ್ರ ಹೋಗಿ ನೋಡಿ, ಸುಳ್ಳಾದ್ರೆ ನನ್ನ ಕೇಳಿ.

ಬೆಂಗ್ಳೂರು ನಮಗಿಂತ ವಾಸಿ ಅಂತ ಹೇಳಕ್ಕೆ ಬಾಯಿ ಬರಕ್ಕಿಲ್ಲ, ಆದ್ರೂ ಒಂದು ವಿಷ್ಯಕ್ಕೆ ಹೇಳ್ಬೇಕು. 2009ರ ಸುಮಾರಿಗೆ ಅಲ್ಲಿಯ ಪಾಲಿಕೆ ರಸ್ತೆ ಗೋಡೆಗಳಿಗೆಲ್ಲ ಚಿತ್ರ ಬರೆಸ್ತು. ಫ್ಲೆಕ್ಸ್ ಬಂದು ಅನ್ನ ಕಳ್ಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದ್ರಿಗೆ, ಬೋರ್ಡ್ ಬರೆಯೋರಿಗೆ ಆ ಕೆಲ್ಸ ಸಿಕ್ತು. ಅದು ಒಳ್ಳೇದಾಯ್ತು. ಮೂವತ್ತಡಿ ರಾಜ್‌ಕುಮಾರ್ ಮುಖವ ಚೌಕ ಹಾಕ್ಕೊಂಡು ಬರೀತಿದ್ದ ಕೈ ಅವು. ಆದ್ರೆ ಬರೆಸಿದ್ದೇನು? ಜೋಗ, ಹಂಪಿ ರಥ, ಯಕ್ಷಗಾನ, ಚಿರತೆ. ಬೆಂಗ್ಳೂರಿನ ಗೋಡೇಲಿ ಬೆಂಗ್ಳೂರೇ ಕಮ್ಮಿ. ಕೆರೆ ಮುಚ್ಚಿದ ಕತೆ, ಗಿರಣಿ ಕತೆ ಬರೀರಪ್ಪ ಅಂತ ಆ ಕೈಗಳಿಗೆ ಹೇಳಿದ್ರೆ ಎಂಥಾ ಗೋಡೆ ಆಗ್ತಿದ್ವು!

ಹೆಸ್ರಿನ ವಿಷ್ಯ ಬುಟ್ಟೆ. ಜಗನ್ಮೋಹನ ಅರಮನೇಲಿ ದೀಪ ಹಿಡ್ದ ಹೆಂಗಸಿನ ಚಿತ್ರ ಅದೆ, ಎಲ್ರೂ ನೋಡೇ ಇರ್ತೀರಿ, ಅಂಗೈ ಅಡ್ಡ ಹಿಡ್ದು, ಮುಖಕ್ಕೆ ದೀಪದ ಬೆಳಕು ಬಿದ್ದಿರೋದು. ನಮ್ಮನೆಗೆ ಬಂದ ನೆಂಟ್ರನ್ನೆಲ್ಲ ಕರ್ಕೊಂಡು ಹೋಗಿ ತೋರಿಸ್ತೀನಿ, ಹತ್ರಲ್ಲಿ ಒಂಬತ್ತು ಜನ ‘ರವಿವರ್ಮ ಏನ್ ಬರ್ದವ್ನೆ ಅಲ್ವಾ’ ಅಂತಾರೆ. ಬರೆದೋರು ಹಲದಣಕರ್ ಅನ್ನೋರು, ದೀಪ ಹಿಡ್ಕೊಂಡು ನಿಂತೋಳು ಅವ್ರ ಸ್ವಂತ ಮಗಳು. ಅರಮನೇಲಿ ಚೌಕಟ್ಟು ಹಾಕಿ ಇಟ್ಟ ಚಿತ್ರಕ್ಕೇ ಈ ಗತಿ ಅಂದ್ರೆ ಬೀದಿ ಗೋಡೇಲಿ ಬರೆದ ಹುಡುಗನ್ನ ಯಾರು ಕೇಳ್ತಾರೆ? ನಮ್ಮ ಬೀದಿ ಗೋಡೇಲಿ ಬಣ್ಣದ ಕಂಪನಿ ಹೆಸ್ರು ಒಂದಡಿ ಅಕ್ಷರದಲ್ಲಿ ಅದೆ, ಬರ್ಸಿದ ಸಂಸ್ಥೆ ಹೆಸ್ರು ಎರಡಡಿ. ಮಜ್ಜಿಗೆ ಕುಡ್ದ ಹುಡುಗನ ಹೆಸ್ರಿಗೆ ನಾಕು ಬೆರಳು ಜಾಗ ಸಿಗ್ನಿಲ್ಲ.

ಗೋಡೆ ಚಿತ್ರದಿಂದ ಪರಂಪರೆ ಉಳೀತದೆ ಅಂತ ಭಾಷಣ ಮಾಡ್ತಾರಲ್ಲ, ಆ ಮಾತು ಕೇಳುದ್ರೆ ನಂಗೆ ಮೈ ಉರೀತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸ್ದು ನಾಕು ಜನ ಸತ್ರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಕ್ಕ ಬಿತ್ತು. ಹಳೇ ಪುಸ್ತಕದ ಅಂಗ್ಡಿ, ಅರಿಶಿನ ಕುಂಕುಮದ ಸಾಲು, ಬಾಳೆಹಣ್ಣಿನ ಮಂಡಿ, ಹೂವಿನೋರು. ತಿಂಗಳ ಸಾಮಾನಿಗೆ, ಗೌರಿ ಹಬ್ಬದ ಬಾಗಿನಕ್ಕೆ ನಾವು ಹೋಗ್ತಿದ್ದ ಜಾಗ. ಕೆಡವ್ಬೇಕೋ ಉಳಿಸ್ಬೇಕೋ ಅಂತ ಸಮಿತಿ, ಕೋರ್ಟು ಅಂತ ವರ್ಷಗಳು ಉರುಳುದ್ವು. ಅಷ್ಟರಲ್ಲಿ ಅದೇ ಮಾರುಕಟ್ಟೆ ಚಿತ್ರವ ಬೇರೆ ಗೋಡೇಲಿ ಬರ್ದು ‘ನಮ್ಮ ಹೆಮ್ಮೆ’ ಅನ್ನೋದು. ತಾಯಿ ಹಾಸಿಗೆ ಹಿಡ್ದವಳೆ, ಔಷ್ದಿ ತರೋರಿಲ್ಲ, ಫೋಟೋಗೆ ಕಟ್ಟು ಹಾಕ್ಸಿ ಹೂವ ಏರಿಸ್ತೀವಿ ಅಂದಂಗೆ. ಚಿತ್ರ ಬರ್ದೋರ ತಪ್ಪಲ್ಲ ಇದು. ಆದ್ರೆ ಸುಣ್ಣ-ಗಾರೆಗೆ ಇಡ್ಬೇಕಾದ ದುಡ್ಡಿನ ಬದ್ಲು ಚಿತ್ರ ತೋರ್ಸಿ ಕೈ ತೊಳ್ಕೊಳ್ಳೋದಾದ್ರೆ ಆ ಚಿತ್ರ ಬ್ಯಾಡವೇ ಬ್ಯಾಡ.

‘ಗೋಡೆ ಚಿತ್ರ ಎಷ್ಟು ದಿನ ಇರ್ತದೆ, ಎರಡು ಮಳೆಗೆ ಹೋಯ್ತದೆ, ಅದ್ಕೆ ಇಷ್ಟೊಂದು ಯಾಕೆ ತಲೆ ಕೆಡಿಸ್ಕೋಬೇಕು’ ಅಂತ ನಮ್ಮೆಜಮಾನ್ರು ಹೇಳುದ್ರು. ಗಂಡಸ್ರು ಇದ್ನ ಹೇಳ್ಬಹುದು. ದಿನಾ ಬೆಳಿಗ್ಗೆ ಬಾಗ್ಲಿಗೆ ರಂಗೋಲೆ ಬಿಟ್ಟು, ಹತ್ತು ಗಂಟೆಗೆ ಹಾಲಿನೋನ ಸೈಕಲ್ ಅದ್ರ ಮ್ಯಾಲೆ ಹೋದ್ರೂ ಮಾರ್ನೇ ದಿನ ಮತ್ತೆ ಬಿಡೋ ನಮ್ಮ ಮುಂದೆ ಈ ಮಾತು ನಡಿಯಕ್ಕಿಲ್ಲ. ಸಾಗರ, ಸೊರಬದ ಕಡೆ ದೀವರ ಹೆಂಗಸ್ರು ಹಸೆ ಚಿತ್ತಾರ ಬರೀತಾರೆ. ಅಕ್ಕಿ ಹಿಟ್ಟಿನ ಬಿಳಿ, ಕೆಮ್ಮಣ್ಣು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಮದುವೆ ಆದ್ರೆ ಗೋಡೇಲಿ ಮದುವೆ, ಹಬ್ಬಕ್ಕೆ ಗೋಡೇಲಿ ಹಬ್ಬ. ಅದೂ ಮಾಸ್ತದೆ. ಮಾಸುದ್ರೆ ಮಗಳು ಬರೀತಾಳೆ, ಅವಳಾದ್ಮ್ಯಾಲೆ ಸೊಸೆ. ಮಾಸೋದ್ರಿಂದ್ಲೇ ಕಲಿಯೋದು ನಿಲ್ನಿಲ್ಲ. ಬೀದಿ ಗೋಡೇನೂ ಹಂಗೆ ಮಾಡಿ ಅಂತೀನಿ ನಾನು. ಮಾಸ್ಲಿ. ಐದು ವರ್ಷಕ್ಕೊಂದ್ಸಲ ಆ ಬೀದಿಯೋರನ್ನೇ ಕೂರ್ಸಿ, ಏನು ಉಳಿಸ್ಬೇಕು, ಏನು ಹೊಸದಾಗಿ ಬರೀಬೇಕು ಅಂತ ಕೇಳಿ ಮತ್ತೆ ಬರ್ಸಿ. ಆ ಮಧ್ಯೆ ಯಾವ ಸಾಹೇಬ್ರು ಬಂದ್ರೂ ಅಂತ ಸುಣ್ಣ ಬಳಿಯೋದು ಬ್ಯಾಡ.

ಹಂಗೆ ಕೇಳುದ್ರೆ ಜಗಳ ಆಯ್ತದೆ ಅಂತೀರಾ? ಆಗ್ಲಿ. ಯಾವ ಕೇರಿ ಮೊದ್ಲು, ಯಾರ ಅಂಗ್ಡಿ ಹಳೇದು, ಕೆರೆ ಎಲ್ಲಿತ್ತು, ಯಾರ ಮನೆ ಕೆಡವಿ ರಸ್ತೆ ಮಾಡುದ್ರು ಅಂತ ಜಗಳ ಆಡ್ತಾ ಇದ್ರೆ ನಾಕು ಹಳೇ ಫೋಟೋ ಪೆಟ್ಟಿಗೆಯಿಂದ ಆಚೆಗೆ ಬತ್ತವೆ, ಮಾತಾಡ್ದೆ ಮೂಲೇಲಿ ಕೂತಿದ್ದ ಮುದುಕೀರು ಬಾಯಿ ಬುಡ್ತಾರೆ. ಕಲ್ಯಾಣ ಮಂಟಪದ ಕಲಾವಿದ್ರು ಫೋಟೋ ಮುಂದಿಟ್ಕೊಂಡು ಬರೆದಂಗೆ ಈ ಮಕ್ಳೂ ಅವ್ನ ಮುಂದಿಟ್ಕೊಂಡು ಬರೀಲಿ. ಕಾವಾದಲ್ಲಿ ಓದಿ ಬರೋ ಮಕ್ಳು ಅವ್ರೆ, ಬೋರ್ಡ್ ಬರ್ದು ಬರ್ದು ಕಣ್ಣು ಮಂಜಾದ ಹಿರೀಕರೂ ಅವ್ರೆ, ಇಬ್ರನ್ನೂ ಸೇರ್ಸಿ. ಚದರಡಿ ಲೆಕ್ಕ ಬ್ಯಾಡ, ತಿಂಗ್ಳ ಸಂಬ್ಳ ಕೊಡಿ, ಬೀದೀಲಿ ಕೂತು ಮಾತು ಕೇಳಕ್ಕೂ ಅದ್ರಲ್ಲಿ ಹೊತ್ತು ಇರ್ಲಿ. ಹೆಸ್ರು ಕೆಳಗಡೆ ಬರಿಲಿ, ಓದಕ್ಕೆ ಆಗೋ ಅಷ್ಟು ದೊಡ್ಡದಾಗಿ.

ನಮ್ಮ ಬೀದಿ ಗೋಡೆ ಬಗ್ಗೆ ಬರೆದು ಕೊಟ್ಟಿದ್ದೀನಿ ಆ ಸಂಸ್ಥೆಗೆ, ಇಪ್ಪತ್ತೊಂದು ಮನೆ ಹೆಂಗಸ್ರ ಸಹಿ ಹಾಕ್ಸಿ. ನಮ್ಮತ್ತೆ ಹೆಬ್ಬೆಟ್ಟು ಒತ್ತವ್ರೆ. ಆನೆ ಪಕ್ಕ ಇನ್ನೂ ಎಂಟಡಿ ಖಾಲಿ ಜಾಗ ಅದೆ, ನಾನೇ ಟೇಪು ಹಿಡ್ದು ಅಳೆದೆ. ಜವಾಬು ಇನ್ನೂ ಬರ್ನಿಲ್ಲ. ಬುಧವಾರ ಮತ್ತೆ ಹೋಗ್ತೀವಿ, ಈ ಸಲ ಮಣೇನೂ ತಗೊಂಡು.